ಮೊದಲು ಯಾರ ಚಾನ್ಸು? ಗಾಬ್ಲಿನ್ ಜಗಳದೊಳಗಿನ ಅಧಿಕಾರದ ಲೆಕ್ಕ

ಒಂದು ಭಾನುವಾರ ಮಧ್ಯಾಹ್ನ, ಬೆಂಗಳೂರಿನ ಬಾಡಿಗೆ ಮನೆಯೊಂದರ ಹಾಲ್. ನೆಲದ ಮೇಲೆ ಚೌಕ ಚೌಕವಾಗಿ ಗೆರೆ ಎಳೆದ ದೊಡ್ಡ ಹಾಳೆ. ಅದರ ಮೇಲೆ ನಾಲ್ಕು ಸೋಡಾ ಬಾಟಲಿ ಮುಚ್ಚಳ, ಆರು ಕಡಲೆಕಾಯಿ. ಮುಚ್ಚಳಗಳು ನಮ್ಮ ವೀರರು, ಕಡಲೆಕಾಯಿಗಳು ಗಾಬ್ಲಿನ್‌ಗಳು. ಗಾಬ್ಲಿನ್ ಸತ್ತರೆ ಕೊಂದವರು ಅದನ್ನು ಸುಲಿದು ತಿನ್ನಬಹುದು ಅನ್ನೋದು ನಮ್ಮನೆ ರೂಲು.

ಆಡ್ತಾ ಇದ್ದದ್ದು ಡಂಜನ್ಸ್ ಅಂಡ್ ಡ್ರಾಗನ್ಸ್. 'ಸ್ಟ್ರೇಂಜರ್ ಥಿಂಗ್ಸ್' ಮೊದಲ ಎಪಿಸೋಡಿನಲ್ಲಿ ನಾಲ್ಕು ಹುಡುಗರು ನೆಲಮಾಳಿಗೆಯಲ್ಲಿ ಕೂತು ಕಿರುಚಾಡ್ತಾರಲ್ಲ, ಅದೇ ಆಟ. ಗೊತ್ತಿಲ್ಲದವರಿಗೆ ಎರಡು ಮಾತು: ಒಬ್ಬರು ಡಂಜನ್ ಮಾಸ್ಟರ್, ಅಂದರೆ ಡಿಎಂ. ಕಥೆಯ ಲೋಕವನ್ನೂ ಶತ್ರುಗಳನ್ನೂ ನಡೆಸೋದು ಅವರ ಕೆಲಸ. ಉಳಿದವರಿಗೆ ತಲಾ ಒಂದು ಪಾತ್ರ. ತಮ್ಮ ಪಾತ್ರ ಏನು ಮಾಡುತ್ತೆ ಅಂತ ಅವರು ಬಾಯಲ್ಲಿ ಹೇಳ್ತಾರೆ, ಅದು ಫಲಿಸುತ್ತೋ ಇಲ್ಲವೋ ಅನ್ನೋದನ್ನು ದಾಳ ಹೇಳುತ್ತೆ. ಅವತ್ತು ಡಿಎಂ ನಾನು.

ಗಾಬ್ಲಿನ್‌ಗಳು ಹಳ್ಳದಿಂದ ಎದ್ದು ಬಂದ್ವು ಅಂದೆ ಅಷ್ಟೆ. ಮೂವರು ಒಟ್ಟಿಗೆ ಶುರು. "ನಾನು ಕತ್ತಿ ಬೀಸ್ತೀನಿ!" "ನಾನು ಬೆಂಕಿ ಮಂತ್ರ!" "ಏ ತಡಿ, ನಾನು ಬಂಡೆ ಹಿಂದೆ ಹೋಗ್ತೀನಿ, ಆಮೇಲೆ..." ನಾಲ್ಕನೆಯವಳು, ಮೊದಲ ಸಲ ಆಡೋಕೆ ಬಂದಿದ್ದ ನಮ್ಮ ಗೆಳತಿ, ಬಾಯಿ ತೆರೆದು ಮತ್ತೆ ಮುಚ್ಚಿಕೊಂಡಳು. ಗದ್ದಲ ತಡೆಯಲಾಗದೆ ನಾನು, "ಎಲ್ಲರೂ ಇನಿಶಿಯೇಟಿವ್ ಹಾಕ್ರಪ್ಪ" ಅಂದೆ. ನಾಲ್ಕು ದಾಳ ಉರುಳಿದವು. ಅವಳಿಗೆ 19 ಬಿತ್ತು.

"ಫಸ್ಟು ನಿನ್ನ ಚಾನ್ಸು."

ರೂಮಿಗೆ ರೂಮೇ ಸುಮ್ಮನಾಯ್ತು. ಅರ್ಧ ನಿಮಿಷ ಯೋಚಿಸಿ ಅವಳು ಹೇಳಿದಳು: "ಯಾಕೆ ನಮ್ಮ ಮೇಲೆ ಬೀಳ್ತಿದ್ದೀರಾ ಅಂತ ಆ ಮುಂದಿನ ಗಾಬ್ಲಿನ್‌ನ ಕೇಳ್ತೀನಿ." ಉಳಿದ ಮೂವರಿಗೆ ಹೊಳೆದೇ ಇರಲಿಲ್ಲ. ನಿಜ ಹೇಳಬೇಕು ಅಂದರೆ ನನಗೂ ಹೊಳೆದಿರಲಿಲ್ಲ. ಆ ಗಾಬ್ಲಿನ್‌ಗೆ ಒಂದು ಕಾರಣ ಬೇಕಲ್ಲ, ಅದನ್ನು ನಾನು ಅಲ್ಲೇ ಕೂತು ಹುಟ್ಟಿಸಬೇಕಾಯ್ತು. ಅವತ್ತಿನ ಕಥೆ ಪೂರ್ತಿ ಬೇರೆ ದಾರಿ ಹಿಡೀತು. ಕಡಲೆಕಾಯಿ ಮಾತ್ರ ಎಲ್ಲಾ ಉಳಿದುಬಿಟ್ಟವು.

ಈ ಲೇಖನ ಆ ಒಂದು ದಾಳದ ಬಗ್ಗೆ. ಕಾಳಗದಲ್ಲಿ ಯಾರು ಮೊದಲು, ಯಾರು ಆಮೇಲೆ ಅಂತ ತೀರ್ಮಾನಿಸುವ ನಿಯಮಕ್ಕೆ ಇನಿಶಿಯೇಟಿವ್ ಅಂತಾರೆ. ರೂಲ್‌ಬುಕ್ಕಿನಲ್ಲಿ ಇದಕ್ಕೆ ಸಿಗೋದು ಒಂದೋ ಎರಡೋ ಪ್ಯಾರಾ. ಆದರೆ ಟೇಬಲ್ ಸುತ್ತ ಕೂತವರಲ್ಲಿ ಯಾರ ಮಾತು ನಡೆಯುತ್ತೆ ಅನ್ನೋದು ತೀರ್ಮಾನ ಆಗೋದು ಅಲ್ಲೇ.

ಆರು ಸೆಕೆಂಡಿನೊಳಗೆ ಇಪ್ಪತ್ತು ನಿಮಿಷ

ಸಮಸ್ಯೆ ಸರಳ. ಕಥೆಯ ಒಳಗೆ ಎಲ್ಲವೂ ಏಕಕಾಲಕ್ಕೆ ನಡೀತಿರುತ್ತೆ: ಕತ್ತಿ ಬೀಸುವಾಗಲೇ ಬಾಣ ಹಾರುತ್ತೆ, ಬಾಣ ಹಾರುವಾಗಲೇ ಮಂತ್ರ ಮುಗಿಯುತ್ತೆ. ಆದರೆ ಕಥೆಯ ಹೊರಗೆ ಇರೋದು ಒಬ್ಬನೇ ಡಿಎಂ, ಅವನಿಗಿರೋದು ಎರಡು ಕಿವಿ. ನಾನು ಎಂಜಿನಿಯರಿಂಗ್ ಓದಿದವನು. ಕಲಿತದ್ದರಲ್ಲಿ ಬಹಳಷ್ಟು ಮರೆತಿದ್ದೀನಿ, ಆದರೆ ಆಪರೇಟಿಂಗ್ ಸಿಸ್ಟಮ್ಸ್ ಕ್ಲಾಸಿನ ಒಂದು ಪಾಠ ನೆನಪಿದೆ. ಪ್ರೊಸೆಸರ್ ಒಂದೇ, ಕೆಲಸ ಹತ್ತಾರು. ಯಾವ ಕೆಲಸಕ್ಕೆ ಯಾವಾಗ ಪ್ರೊಸೆಸರ್ ಕೊಡಬೇಕು ಅಂತ ಹೇಳೋದು ಶೆಡ್ಯೂಲರ್. ಶೆಡ್ಯೂಲರ್ ಸರಿಯಿಲ್ಲದಿದ್ದರೆ ಕೆಲವು ಕೆಲಸಗಳಿಗೆ ಸರದಿ ಬರೋದೇ ಇಲ್ಲ, ಅವು ಕಾಯ್ತಾನೇ ಇರ್ತವೆ. ಅದಕ್ಕೆ ಪುಸ್ತಕದಲ್ಲಿ ಸ್ಟಾರ್ವೇಷನ್ ಅಂತ ಹೆಸರು, ಅಂದರೆ ಹಸಿವಿನಿಂದ ಸಾಯೋದು. ಇನಿಶಿಯೇಟಿವ್ ಅಂದರೆ ಡಿಎಂ ಎಂಬ ಒಂಟಿ ಪ್ರೊಸೆಸರ್‌ನ ಶೆಡ್ಯೂಲರ್.

ಇದರ ಬೆಲೆ ಎಷ್ಟು ಅಂತ ಲೆಕ್ಕ ಹಾಕೋಣ. ಈಗಿನ ಡಂಜನ್ಸ್ ಅಂಡ್ ಡ್ರಾಗನ್ಸ್‌ನಲ್ಲಿ ಒಂದು ರೌಂಡ್ ಅಂದರೆ ಕಥೆಯ ಸಮಯದಲ್ಲಿ 6 ಸೆಕೆಂಡು. ಐದು ಆಟಗಾರರು, ತಲಾ ಮೂರು ನಿಮಿಷ, ಡಿಎಂ ತನ್ನ ಶತ್ರುಗಳನ್ನು ಆಡಿಸೋಕೆ ಐದು ನಿಮಿಷ ಅಂದುಕೊಳ್ಳಿ. ಒಂದು ರೌಂಡಿಗೆ 20 ನಿಮಿಷ. ನಿಮ್ಮ ಚಾನ್ಸ್ ಮುಗಿದರೆ ಮುಂದಿನ ಚಾನ್ಸಿಗೆ 17 ನಿಮಿಷ ಕಾಯಬೇಕು. ಆ ಹೊತ್ತಿನಲ್ಲಿ ಮೊಬೈಲ್ ಕೈಗೆ ಬರುತ್ತೆ, ಆಮೇಲೆ "ಈಗ ಏನಾಯ್ತು?" ಅನ್ನೋ ಪ್ರಶ್ನೆ ಬರುತ್ತೆ. ಹಾಗಾಗಿ ಸರದಿ ಹಂಚುವ ಯಾವುದೇ ಪದ್ಧತಿ ಎರಡು ಪ್ರಶ್ನೆ ಎದುರಿಸಬೇಕು. ಯಾರಿಗೆ ಅನುಕೂಲ? ಉಳಿದವರು ಎಷ್ಟು ಹೊತ್ತು ಕಾಯಬೇಕು?

ಜನರಲ್‌ಗಳ ಆಟದಿಂದ ಗೆಳೆಯರ ಆಟಕ್ಕೆ

ಈ ಆಟದ ಅಜ್ಜ ಯುದ್ಧದಾಟ. 1824ರಲ್ಲಿ ಪ್ರಶ್ಯದ ಸೇನಾಧಿಕಾರಿ ಗಿಯೋರ್ಗ್ ಫಾನ್ ರೈಸ್ವಿಟ್ಜ್ ಅಧಿಕಾರಿಗಳ ತರಬೇತಿಗೆ ಅಂತ 'ಕ್ರೀಗ್ಸ್‌ಶ್ಪೀಲ್' ರೂಪಿಸಿದ. ನಕ್ಷೆ, ಸೈನ್ಯದ ತುಣುಕುಗಳು, ದಾಳ, ನಡುವೆ ಒಬ್ಬ ಅಂಪೈರ್. ಒಂದು ಸರದಿ ಅಂದರೆ ಎರಡು ನಿಮಿಷದ ಯುದ್ಧ. ಎರಡೂ ಕಡೆಯವರು ತಮ್ಮ ಆದೇಶಗಳನ್ನು ಅಂಪೈರ್‌ಗೆ ಕೊಡೋದು, ಒಟ್ಟಾರೆ ಏನಾಯ್ತು ಅಂತ ಅವನು ಹೇಳೋದು. ಅಲ್ಲಿ 'ಯಾರು ಮೊದಲು' ಅನ್ನೋ ಜಗಳವೇ ಇಲ್ಲ. ಎಲ್ಲವೂ ಅಂಪೈರ್‌ನ ತಲೆಯಲ್ಲಿ ಒಟ್ಟಿಗೆ ನಡೆಯುತ್ತೆ. ಅಷ್ಟು ಅಧಿಕಾರ ಅವನ ಕೈಯಲ್ಲಿ ಇರುತ್ತೆ ಕೂಡ.

ಅಲ್ಲಿಂದ 1971ಕ್ಕೆ ಜಿಗಿಯೋಣ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 'ಚೈನ್‌ಮೇಲ್' ಅನ್ನೋ ಮಧ್ಯಯುಗದ ಯುದ್ಧದಾಟ ಪ್ರಕಟಿಸಿದರು. ಅದರಲ್ಲಿ ಎರಡು ದಾರಿ ಇತ್ತು. ಒಂದು, ಎರಡೂ ಕಡೆಯವರು ದಾಳ ಹಾಕೋದು, ಹೆಚ್ಚು ಬಿದ್ದವರು ಮೊದಲು ಹೋಗಬೇಕೋ ಆಮೇಲೆ ಹೋಗಬೇಕೋ ಅಂತ ಆರಿಸಿಕೊಳ್ಳೋದು. ಇನ್ನೊಂದು, ಇಬ್ಬರೂ ಆದೇಶವನ್ನು ಚೀಟಿಯಲ್ಲಿ ಬರೆದಿಟ್ಟು ಒಟ್ಟಿಗೆ ನಡೆಸೋದು. ಗೆದ್ದವರು ಆಮೇಲೆ ಹೋಗುವುದನ್ನೂ ಆರಿಸಬಹುದಿತ್ತು ಅನ್ನೋದನ್ನು ಗಮನಿಸಿ. ಟಾಸ್ ಗೆದ್ದ ಕ್ಯಾಪ್ಟನ್ ಬೌಲಿಂಗ್ ತಗೊಳ್ಳಲ್ವಾ, ಹಾಗೆ.

1974ರಲ್ಲಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ಡಂಜನ್ಸ್ ಅಂಡ್ ಡ್ರಾಗನ್ಸ್ ತಂದಾಗ, ಸರದಿಯ ವಿಷಯದಲ್ಲಿ ಆ ಪುಸ್ತಕ ಹೆಚ್ಚುಕಡಿಮೆ ಮೌನ. ಕಾಳಗಕ್ಕೆ ಚೈನ್‌ಮೇಲ್ ನೋಡಿಕೊಳ್ಳಿ ಅನ್ನೋ ಧಾಟಿ. ಸೈನ್ಯಕ್ಕೆ ಸೈನ್ಯ ಎದುರಾಗುವ ಆಟದ ನಿಯಮವನ್ನು ಒಂದೊಂದು ಪಾತ್ರಕ್ಕೆ ಒಬ್ಬೊಬ್ಬ ಮನುಷ್ಯ ಇರುವ ಆಟಕ್ಕೆ ಹೊಂದಿಸೋದು ಹೇಗೆ? ಪ್ರತಿ ಟೇಬಲ್ಲೂ ತನ್ನದೇ ಉತ್ತರ ಕಂಡುಕೊಳ್ಳಬೇಕಿತ್ತು.

1977ರಲ್ಲಿ ಎರಿಕ್ ಹೋಮ್ಸ್ ಸಂಪಾದಿಸಿದ ಬೇಸಿಕ್ ಪುಸ್ತಕ ಒಂದು ನೇರ ಉತ್ತರ ಕೊಟ್ಟಿತು: ಡೆಕ್ಸ್‌ಟೆರಿಟಿ, ಅಂದರೆ ಚುರುಕುತನದ ಅಂಕ ಯಾರದ್ದು ಹೆಚ್ಚೋ ಅವರು ಮೊದಲು. ಅಂಕಗಳು ತೀರಾ ಹತ್ತಿರ ಇದ್ದರೆ ಮಾತ್ರ ದಾಳ. ಅಂದರೆ ಪಾತ್ರ ಹುಟ್ಟಿದ ದಿನ ಬಿದ್ದ ಅಂಕವೇ ಅದರ ಆಯುಷ್ಯಪೂರ್ತಿ ಕ್ಯೂನಲ್ಲಿ ಅದು ನಿಲ್ಲುವ ಜಾಗ ಹೇಳಿಬಿಡುತ್ತೆ. ಇದನ್ನು ಓದಿದಾಗ ನನಗೆ ಏನು ನೆನಪಾಯ್ತು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

1981ರ ಬೇಸಿಕ್ ಆವೃತ್ತಿ, ಟಾಮ್ ಮೋಲ್ಡ್‌ವೇ ಬರೆದದ್ದು, ಇದನ್ನು ಬಿಟ್ಟು ಗುಂಪಿನ ದಾಳಕ್ಕೆ ಬಂತು. ಆಟಗಾರರ ಕಡೆಯಿಂದ ಒಂದು ಆರು ಮುಖದ ದಾಳ, ಶತ್ರುಗಳ ಕಡೆಯಿಂದ ಒಂದು. ಹೆಚ್ಚು ಬಿದ್ದ ಕಡೆಯವರೆಲ್ಲ ಮೊದಲು. ಪ್ರತಿ ರೌಂಡಿಗೂ ಹೊಸದಾಗಿ ದಾಳ. ನಡೆಸೋಕೆ ಇಷ್ಟು ಸುಲಭದ ಪದ್ಧತಿ ಇನ್ನೊಂದಿಲ್ಲ, ನನಗೆ ಇವತ್ತಿಗೂ ಇದರ ಮೇಲೆ ಪ್ರೀತಿ. ನಾಲ್ವರೂ ತಲೆ ಸೇರಿಸಿ ಪ್ಲಾನ್ ಮಾಡ್ತಾರೆ, ಯಾರೂ ಮೊಬೈಲ್ ನೋಡಲ್ಲ. ಆದರೆ ಎರಡು ತೊಂದರೆ. ಒಂದು ಕಡೆಯವರು ಒಂದು ರೌಂಡಿನಲ್ಲಿ ಕೊನೆಗೆ ಹೊಡೆದು, ಮುಂದಿನ ರೌಂಡಿನಲ್ಲಿ ದಾಳ ಗೆದ್ದು ಮೊದಲು ಹೊಡೆದರೆ, ಎದುರಿನವರು ಉಸಿರು ತಗೊಳ್ಳೋ ಮೊದಲೇ ಎರಡು ಸಲ ಏಟು ತಿಂದಿರ್ತಾರೆ. ಎರಡನೆಯದು ಇನ್ನೂ ಮುಖ್ಯ: ಗುಂಪಿಗೆ ಸರದಿ ಸಿಕ್ತು, ಗುಂಪಿನೊಳಗೆ? ಮೋಲ್ಡ್‌ವೇ ಪುಸ್ತಕದಲ್ಲಿ ಇದಕ್ಕೊಂದು ಹುದ್ದೆಯೇ ಇದೆ, 'ಕಾಲರ್' ಅಂತ. ಎಲ್ಲರ ಪರವಾಗಿ ಡಿಎಂಗೆ ಹೇಳುವ ಒಬ್ಬ ಆಟಗಾರ. ನಮ್ಮ ಭಾಷೆಯಲ್ಲಿ ಪ್ರತಿನಿಧಿ. ಒಳ್ಳೆ ಕಾಲರ್ ಎಲ್ಲರನ್ನೂ ಕೇಳಿ ಹೇಳ್ತಾನೆ. ಕೆಟ್ಟ ಕಾಲರ್ ತನಗೆ ತೋಚಿದ್ದನ್ನು 'ನಾವು' ಅಂತ ಹೇಳ್ತಾನೆ. ಅಂಥವರನ್ನು ನಾವೆಲ್ಲ ನೋಡಿದ್ದೀವಿ, ಕಾಲೇಜು ಪ್ರಾಜೆಕ್ಟ್ ಗ್ರೂಪಿನಲ್ಲೂ, ಬೇರೆ ಕಡೆಯೂ.

ನಡುವೆ 1979ರ ಅಡ್ವಾನ್ಸ್ಡ್ ಆವೃತ್ತಿಯ ಡಂಜನ್ ಮಾಸ್ಟರ್ಸ್ ಗೈಡ್ ಇದೆ. ಅದನ್ನು ಬೇಗ ದಾಟಿಬಿಡೋದು ಒಳ್ಳೇದು. ಒಂದು ನಿಮಿಷದ ರೌಂಡು, ಅದರಲ್ಲಿ ಆರು ಸೆಕೆಂಡಿನ ಹತ್ತು ತುಂಡು, ಒಂದೊಂದು ಆಯುಧಕ್ಕೆ ಒಂದೊಂದು ವೇಗದ ಅಂಕ, ಒಂದೊಂದು ಮಂತ್ರಕ್ಕೆ ಒಂದೊಂದು ಅವಧಿ. ಎಲ್ಲವನ್ನೂ ನಿಜದ ಹಾಗೆ ಮಾಡಬೇಕು ಅನ್ನೋ ಹಟ. ಅದರ ಸರಿಯಾದ ಅರ್ಥ ಏನು ಅಂತ ಹಳೇ ಅಭಿಮಾನಿಗಳು ಇವತ್ತಿಗೂ ವಾದ ಮಾಡ್ತಾರೆ. ಯಾರಿಗೂ ಪೂರ್ತಿ ಅರ್ಥ ಆಗದ ನಿಯಮ ಇದ್ದಾಗ, ಅದನ್ನು ವ್ಯಾಖ್ಯಾನ ಮಾಡುವವನೇ ರಾಜ.

ಒಂದೇ ಸಲ ದಾಳ

ಇವತ್ತು ಹೆಚ್ಚಿನವರು ಆಡುವ ಪದ್ಧತಿ ಬಂದದ್ದು 2000ದ ಮೂರನೇ ಆವೃತ್ತಿಯಲ್ಲಿ. ಕಾಳಗ ಶುರುವಾದಾಗ ಎಲ್ಲರೂ ಒಮ್ಮೆ 20 ಮುಖದ ದಾಳ ಹಾಕಬೇಕು, ಅದಕ್ಕೆ ಡೆಕ್ಸ್‌ಟೆರಿಟಿಯ ಬೋನಸ್ ಸೇರಿಸಬೇಕು, ದೊಡ್ಡದರಿಂದ ಚಿಕ್ಕದಕ್ಕೆ ಪಟ್ಟಿ ಮಾಡಬೇಕು. ಆಮೇಲೆ ಆ ಪಟ್ಟಿಯೇ ಸುತ್ತುತ್ತಾ ಇರುತ್ತೆ. 2014ರ ಐದನೇ ಆವೃತ್ತಿಯಲ್ಲೂ ಇದೇ. ಒಂದೇ ಥರದ ಶತ್ರುಗಳಿದ್ದರೆ ಎಲ್ಲಕ್ಕೂ ಸೇರಿ ಒಂದೇ ದಾಳ. ಆರು ಗಾಬ್ಲಿನ್‌ಗೆ ಆರು ಸಾಲು ಬರೆಯೋ ಕಷ್ಟ ಇಲ್ಲ.

ಇಲ್ಲಿ ಸ್ವಲ್ಪ ಗಣಿತ ಮಾಡೋಣ, ಬೇಜಾರು ಮಾಡ್ಕೋಬೇಡಿ. ನಿಮ್ಮ ಬೋನಸ್ ಸೊನ್ನೆ, ನನ್ನದು 2. ಇಬ್ಬರೂ 20 ಮುಖದ ದಾಳ ಹಾಕ್ತೀವಿ. ಒಟ್ಟು 400 ಸಾಧ್ಯತೆ. ಅದರಲ್ಲಿ ನಾನು ಮೊದಲಾಗೋದು 229, ಸಮ ಆಗೋದು 18, ನೀವು ಮೊದಲಾಗೋದು 153. ಶೇಕಡಾವಾರು ಹೇಳಿದರೆ ನಿಮಗೆ 38ಕ್ಕೂ ಸ್ವಲ್ಪ ಹೆಚ್ಚು. ನನ್ನ ಬೋನಸ್ 5 ಆದರೂ ನೀವು 26 ಪರ್ಸೆಂಟಿಗೂ ಸ್ವಲ್ಪ ಹೆಚ್ಚು ಸಲ ನನ್ನನ್ನು ಹಿಂದೆ ಹಾಕ್ತೀರ. ಅಂದರೆ 20 ಮುಖದ ದಾಳ ಒಂಥರಾ ಉದಾರಿ. ಚುರುಕಿನವರಿಗೆ ಮರ್ಯಾದೆ ಇದೆ, ಆದರೆ ನಿಧಾನದವರಿಗೂ ಬಾಗಿಲು ತೆರೆದೇ ಇರುತ್ತೆ.

ಈಗ ದಾಳ ಬದಲಾಯಿಸಿ. 2023ರಲ್ಲಿ ಬಂದ 'ಬಾಲ್ಡರ್ಸ್ ಗೇಟ್ 3' ವಿಡಿಯೋ ಗೇಮ್ ನಿಮ್ಮಲ್ಲಿ ಎಷ್ಟೋ ಜನ ಆಡಿರ್ತೀರ. ಅದು ಐದನೇ ಆವೃತ್ತಿಯ ನಿಯಮಗಳ ಮೇಲೇ ನಿಂತಿದೆ, ಆದರೆ ಇನಿಶಿಯೇಟಿವ್‌ಗೆ ಮಾತ್ರ ನಾಲ್ಕು ಮುಖದ ದಾಳ. ಅದೇ ಬೋನಸ್ 2 ಮತ್ತು ಸೊನ್ನೆ ಇಟ್ಟುಕೊಳ್ಳಿ. 16 ಸಾಧ್ಯತೆಯಲ್ಲಿ ನನಗೆ 13, ಸಮ 2, ನಿಮಗೆ ಬರೀ 1. ಬೋನಸ್ 5 ಆದರೆ ನಿಮ್ಮ ಅವಕಾಶ ಪೂರ್ತಿ ಸೊನ್ನೆ. ಸೂತ್ರ ಬದಲಾಗಿಲ್ಲ, 'ದಾಳ ಕೂಡಿಸು ಬೋನಸ್' ಅನ್ನೋದೇ. ದಾಳದ ಗಾತ್ರ ಒಂದನ್ನು ಕುಗ್ಗಿಸಿದ್ದಕ್ಕೆ, ಹೋಮ್ಸ್‌ನ 'ಚುರುಕಿದ್ದವನೇ ಮೊದಲು' ಹಿಂಬಾಗಿಲಿಂದ ವಾಪಸ್ ಬಂತು. ಯಾವ ನಿಯಮ ನೋಡಿದರೂ, 'ಎಲ್ಲರಿಗೂ ಅವಕಾಶ ಇದೆ' ಅನ್ನೋ ಮಾತು ಕೇಳಿದರೂ, ದಾಳ ಎಷ್ಟು ದೊಡ್ಡದು ಅಂತ ಕೇಳೋ ಚಟ ನನಗೆ ಅಂಟಿದ್ದು ಇಲ್ಲಿಂದ.

ಡೆಕ್ಸ್‌ಟೆರಿಟಿಯ ತಕರಾರು ಇನ್ನೂ ಇದೆ. ಐದನೇ ಆವೃತ್ತಿಯಲ್ಲಿ ಆ ಒಂದು ಅಂಕ ಬಾಣದ ಗುರಿಗೂ ಬೇಕು, ಏಟು ತಪ್ಪಿಸಿಕೊಳ್ಳೋಕೂ ಬೇಕು, ಕದ್ದು ನಡೆಯೋಕೂ ಬೇಕು, ಅದರ ಮೇಲೆ ಮೊದಲ ಸರದಿಯೂ ಅದಕ್ಕೇ. ಇದ್ದವರಿಗೇ ಇನ್ನಷ್ಟು. 2019ರ ಪಾತ್‌ಫೈಂಡರ್ ಎರಡನೇ ಆವೃತ್ತಿ ಇದನ್ನು ಮುರಿಯಿತು. ಅಲ್ಲಿ ಸಾಮಾನ್ಯವಾಗಿ ನೋಡೋದು ಪರ್ಸೆಪ್ಷನ್, ಅಂದರೆ ಸುತ್ತ ಏನಾಗ್ತಿದೆ ಅಂತ ಗಮನಿಸುವ ಶಕ್ತಿ. ಕದ್ದು ಬರ್ತಿದ್ದರೆ ಕದ್ದು ನಡೆಯುವ ಕೌಶಲ. ಕೈ ಚುರುಕಿಲ್ಲದ ಮುದುಕಿ ಪೂಜಾರಿಣಿ ಎಲ್ಲರಿಗಿಂತ ಮೊದಲು ಅಪಾಯ ಗುರುತಿಸಿ, ಮೊದಲ ಹೆಜ್ಜೆ ಇಡಬಹುದು. ಯಾವ ಗುಣವನ್ನು ಅಳೀತೀವಿ ಅನ್ನೋದನ್ನು ಬದಲಾಯಿಸಿದರೆ, ಯಾರು ಮೊದಲು ಅನ್ನೋದೂ ಬದಲಾಗುತ್ತೆ.

ಸರದಿಯನ್ನು ದುಡ್ಡು ಕೊಟ್ಟು ಕೊಂಡ ಲೋಕವೂ ಒಂದಿದೆ. 1989ರ 'ಶ್ಯಾಡೋರನ್' ನಡೆಯೋದು ದೈತ್ಯ ಕಂಪನಿಗಳು ಆಳುವ ಭವಿಷ್ಯದಲ್ಲಿ. ಅಲ್ಲಿ ನರಗಳಿಗೆ ತಂತಿ ಹೆಣೆಸಿಕೊಂಡು ವೇಗ ಹೆಚ್ಚಿಸಿಕೊಳ್ಳಬಹುದು, ದುಡ್ಡಿದ್ದರೆ. ಎರಡನೇ ಆವೃತ್ತಿಯಲ್ಲಿ ಲೆಕ್ಕ ಹೀಗಿತ್ತು: ನಿಮ್ಮ ಇನಿಶಿಯೇಟಿವ್ 25 ಆದರೆ 25ಕ್ಕೆ ಒಂದು ಚಾನ್ಸು, ಹತ್ತು ಕಳೆದು 15ಕ್ಕೆ ಇನ್ನೊಂದು, 5ಕ್ಕೆ ಮತ್ತೊಂದು. ಪಕ್ಕದಲ್ಲಿ ತಂತಿ ಹಾಕಿಸಿಕೊಳ್ಳದ ಒಬ್ಬಳು, ಅಂಕ 8. ಅವಳ ಬಾಯಿ ತೆರೆಯುವ ಮೊದಲೇ ನೀವು ಎರಡು ಸಲ ಗುಂಡು ಹಾರಿಸಿ ಆಗಿರುತ್ತೆ, ಬಹಳ ಸಲ ಜಗಳವೇ ಮುಗಿದಿರುತ್ತೆ. ಕಥೆಯ ಲೋಕಕ್ಕೆ ಇದು ನ್ಯಾಯವೇ, ಆ ಲೋಕವೇ ಅಷ್ಟು ಕ್ರೂರ. ಆದರೆ ಟೇಬಲ್ ಮುಂದೆ ಕೂತವಳೂ ಭಾನುವಾರ ಹಾಳುಮಾಡಿಕೊಂಡು ಬಂದವಳೇ ಅಲ್ವಾ? ಮೂರನೇ ಆವೃತ್ತಿ ಇದನ್ನು ಸರಿಪಡಿಸಿತು: ಎಲ್ಲರಿಗೂ ಒಂದೊಂದು ಚಾನ್ಸ್ ಆದ ಮೇಲೆಯೇ ವೇಗದವರ ಎರಡನೇ ಚಾನ್ಸು. 25, 8, ಆಮೇಲೆ 15, 5. ವೇಗ ಕೊಂಡವರ ಲಾಭ ಉಳಿಯಿತು, ಉಳಿದವರಿಗೂ ಮಾತಾಡೋ ಹೊತ್ತು ಸಿಕ್ಕಿತು. ಇಡೀ ಇತಿಹಾಸದಲ್ಲಿ ನನಗೆ ತುಂಬಾ ಇಷ್ಟವಾದ ತಿದ್ದುಪಡಿ ಇದು.

ಅದೃಷ್ಟಕ್ಕೇ ಪೂರ್ತಿ ಬಿಟ್ಟವರೂ ಇದ್ದಾರೆ. 2003ರ 'ಸ್ಯಾವೇಜ್ ವರ್ಲ್ಡ್ಸ್'ನಲ್ಲಿ ಪ್ರತಿ ರೌಂಡಿಗೂ ಇಸ್ಪೀಟು ಹಂಚ್ತಾರೆ. ಎಕ್ಕ ಬಿದ್ದವರು ಮೊದಲು, ದುರ್ರಿ ಬಿದ್ದವರು ಕೊನೆಗೆ, ಜೋಕರ್ ಸಿಕ್ಕಿದರೆ ಯಾವಾಗ ಬೇಕಾದರೂ. ಲಾಟರಿ ಅಂದರೆ ಮೂಗು ಮುರಿಯಬೇಡಿ. ನಮ್ಮ ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು, ಅಂದರೆ ಮಂತ್ರಿಗಳು ಎದ್ದು ನಿಂತು ಉತ್ತರಿಸಬೇಕಾದವು, ಯಾರದ್ದು ಅಂತ ತೀರ್ಮಾನ ಆಗೋದೂ ಬ್ಯಾಲೆಟ್ ಎತ್ತಿಯೇ. ಹಿರಿಯ ಸಂಸದನಿಗೂ ಮೊನ್ನೆ ಗೆದ್ದು ಬಂದವಳಿಗೂ ಒಂದೇ ಡಬ್ಬ.

ನನ್ನ ತಪ್ಪು

ಈಗ ನಾನು ಮಾಡಿದ ಎಡವಟ್ಟಿಗೆ ಬರ್ತೀನಿ.

ಇನಿಶಿಯೇಟಿವ್ ಬೇಡವೇ ಬೇಡ ಅನ್ನೋ ಒಂದು ಧಾರೆ ಇದೆ. 2010ರ 'ಅಪಾಕಲಿಪ್ಸ್ ವರ್ಲ್ಡ್' ಅದರ ದೊಡ್ಡ ಹೆಸರು. ಅಲ್ಲಿ ಪಟ್ಟಿ ಇಲ್ಲ, ದಾಳದ ಸರದಿ ಇಲ್ಲ. ಕಥೆ ಎಲ್ಲಿ ಹರಿಯುತ್ತೋ ಅಲ್ಲಿಗೆ ನಡೆಸುವವರು ಬೆಳಕು ತಿರುಗಿಸ್ತಾರೆ: "ಅವನು ನಿನ್ನ ಕತ್ತು ಹಿಡಿದಿದ್ದಾನೆ, ಏನ್ಮಾಡ್ತೀಯಾ?" 2025ರ 'ಡ್ಯಾಗರ್‌ಹಾರ್ಟ್' ಕೂಡ ಇದೇ ದಾರಿ. ಆಟಗಾರರು ಯಾವ ಕ್ರಮದಲ್ಲಿ ಬೇಕಾದರೂ ಬರಬಹುದು, ದಾಳ ಸೋತರೆ ಅಥವಾ ಭಯದ ದಾಳ ಮೇಲಾದರೆ ಸರದಿ ನಡೆಸುವವರ ಕೈಗೆ ಹೋಗುತ್ತೆ. ಓದೋಕೆ ಚಂದ, ಒಳ್ಳೆಯ ಟೇಬಲ್ಲಿನಲ್ಲಿ ನೋಡೋಕೆ ಇನ್ನೂ ಚಂದ. ಪಟ್ಟಿ ನೋಡಿ ಹೆಸರು ಕೂಗುವ ಗುಮಾಸ್ತಗಿರಿ ಇಲ್ಲ, ಕಥೆ ನಿಲ್ಲೋದೇ ಇಲ್ಲ.

ನಮ್ಮ ಟೇಬಲ್ಲಿಗೂ ಇದನ್ನು ತಂದೆ. "ಇನ್ಮೇಲೆ ಇನಿಶಿಯೇಟಿವ್ ಇಲ್ಲ, ಫ್ರೀಯಾಗಿ ಆಡೋಣ" ಅಂದೆ, ದೊಡ್ಡ ಕ್ರಾಂತಿ ಮಾಡಿದವನ ಥರ. ಮೂರು ವಾರ ಆಟ ಮಸ್ತಾಗಿತ್ತು. ಅಂದರೆ ನನಗೆ ಮಸ್ತಾಗಿತ್ತು. ಮೂರನೇ ವಾರ ಎಲ್ಲರೂ ಹೊರಟ ಮೇಲೆ ಅವಳು ಚಪ್ಪಲಿ ಹಾಕ್ಕೊಳ್ತಾ ಹೇಳಿದಳು: "ಇವತ್ತು ನಾನು ಎರಡೇ ಸಲ ಮಾತಾಡಿದ್ದು ಕಣೋ. ಎರಡೂ ಸಲ ನೀನು ಬೇರೆಯವರ ಕಡೆ ನೋಡ್ತಿದ್ದೆ."

ನಾನು ಅಲ್ಲಗಳೆದೆ. ಮನೆಗೆ ಹೋಗಿ ನನ್ನ ನೋಟ್ಸ್ ತೆಗೆದು ನೋಡಿದೆ. ಮೂರು ಗಂಟೆಯ ಆಟ, ಎರಡು ಕಾಳಗ. ನಾನು ಬರೆದುಕೊಂಡಿದ್ದ ಏಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಬ್ಬನದ್ದೇ. ಅವನು ಕೆಟ್ಟವನಲ್ಲ, ಯಾರನ್ನೂ ತಡೆದಿರಲಿಲ್ಲ. ಅವನ ದನಿ ದೊಡ್ಡದು, ಯೋಚನೆ ಬೇಗ, ಕೂತಿದ್ದದ್ದು ನನ್ನ ಎದುರಿಗೆ. ಅವಳು ಕೂತಿದ್ದದ್ದು ನನ್ನ ಎಡ ಪಕ್ಕ, ಹೇಳುವ ಮುಂಚೆ ಯೋಚಿಸುವ ಜಾಯಮಾನದವಳು. ನಾನು ತೆಗೆದುಹಾಕಿದ್ದು ಬರೆದಿಟ್ಟ ಕ್ರಮವನ್ನ ಅಷ್ಟೆ. ದನಿ, ವೇಗ, ಕೂತ ಜಾಗ ಇವುಗಳ ಕ್ರಮ ಅದರ ಕೆಳಗೆ ಮೊದಲಿಂದಲೂ ಇತ್ತು, ದಾಳ ಅದನ್ನು ಮುಚ್ಚಿಟ್ಟಿತ್ತು.

ಅಮೆರಿಕದ ಸ್ತ್ರೀವಾದಿ ಚಿಂತಕಿ ಜೋ ಫ್ರೀಮನ್ 1970ರ ದಶಕದ ಆರಂಭದಲ್ಲಿ ಮಹಿಳಾ ಚಳವಳಿಯ ಗುಂಪುಗಳ ಬಗ್ಗೆ ಹೇಳಿದ್ದು ಇದನ್ನೇ: ನಮ್ಮಲ್ಲಿ ನಾಯಕತ್ವವೂ ಇಲ್ಲ, ರಚನೆಯೂ ಇಲ್ಲ ಅಂತ ಹೇಳಿಕೊಳ್ಳುವ ಗುಂಪಿನಲ್ಲಿ ರಚನೆ ಇದ್ದೇ ಇರುತ್ತೆ, ಅದನ್ನು ಪ್ರಶ್ನಿಸೋಕೆ ಆಗಲ್ಲ ಅಷ್ಟೆ. 2011ರಲ್ಲಿ ಆಕ್ಯುಪೈ ವಾಲ್ ಸ್ಟ್ರೀಟ್ ಸಭೆಗಳಲ್ಲಿ ಮಾತಾಡುವವರ ಹೆಸರಿನ ಸರದಿ ಪಟ್ಟಿ ಇಟ್ಟುಕೊಂಡು, ಇನ್ನೂ ಮಾತಾಡದವರನ್ನೂ ಸಾಮಾನ್ಯವಾಗಿ ಅಂಚಿಗೆ ತಳ್ಳಲ್ಪಟ್ಟವರನ್ನೂ ಮೇಲಕ್ಕೆ ತರ್ತಿದ್ದರು. ಫ್ರೀಮನ್ ಲೇಖನ ಓದಿ ಸೆಮಿನಾರಿನಲ್ಲಿ ಅದರ ಬಗ್ಗೆ ಮಾತಾಡಿದ್ದವನು ನಾನು. ನನ್ನ ಮನೆ ಹಾಲ್‌ನಲ್ಲಿ ಆರು ಕಡಲೆಕಾಯಿ ಇಟ್ಟುಕೊಂಡು ಕೂತಾಗ ಅದು ನೆನಪಿಗೆ ಬರಲಿಲ್ಲ.

ಹಾಗಂತ ಅಪಾಕಲಿಪ್ಸ್ ವರ್ಲ್ಡ್ ಥರದ ಆಟಗಳು ತಪ್ಪು ಅಂತಲ್ಲ. ಅವು ಬೆಳಕು ತಿರುಗಿಸುವ ಹೊಣೆಯನ್ನು ನಡೆಸುವವರ ಹೆಗಲಿಗೆ ಸ್ಪಷ್ಟವಾಗಿ ಹಾಕ್ತವೆ. ನಾನು ಸ್ವಾತಂತ್ರ್ಯ ತಗೊಂಡೆ, ಹೊಣೆ ಬಿಟ್ಟೆ.

ಕೈಗೆ ಕೈ

ಈಗ ನಾವು ಆಡೋದು ಬೇರೆ ಥರ. ಅದರ ಮೂಲ 2012ರ 'ಮಾರ್ವೆಲ್ ಹೀರೋಯಿಕ್ ರೋಲ್‌ಪ್ಲೇಯಿಂಗ್'. ಆಟಗಾರರು ಇದನ್ನು ಪಾಪ್‌ಕಾರ್ನ್ ಅಂತ ಕರೀತಾರೆ. ನಿಮ್ಮ ಚಾನ್ಸ್ ಮುಗಿದ ಮೇಲೆ ಮುಂದೆ ಯಾರು ಅಂತ ನೀವೇ ಹೇಳಬೇಕು. ಈ ರೌಂಡಿನಲ್ಲಿ ಇನ್ನೂ ಆಡದವರನ್ನೇ ಆರಿಸಬೇಕು, ಶತ್ರುಗಳನ್ನೂ ಆರಿಸಬಹುದು. ಎಲ್ಲರದ್ದೂ ಮುಗಿದಾಗ, ಕೊನೆಗೆ ಆಡಿದವರು ಮುಂದಿನ ರೌಂಡ್ ಯಾರಿಂದ ಶುರು ಅಂತ ಹೇಳ್ತಾರೆ, ಬೇಕಿದ್ದರೆ ತಮ್ಮ ಹೆಸರೇ ಹೇಳಬಹುದು.

ಮೊದಲ ನೋಟಕ್ಕೆ ಅನ್ನಿಸುತ್ತೆ: ನಾವು ನಾಲ್ವರೂ ಒಬ್ಬರಿಗೊಬ್ಬರು ಕೊಟ್ಟುಕೊಂಡು ಮೊದಲೇ ಹೊಡೆದುಬಿಟ್ಟರೆ ಆಯ್ತಲ್ಲ? ನಮ್ಮವರೂ ಮೊದಲ ದಿನ ಅದನ್ನೇ ಮಾಡಿದರು. ಆಮೇಲೆ ಉಳಿದದ್ದು ಗಾಬ್ಲಿನ್‌ಗಳು ಮಾತ್ರ. ಅವು ಎಲ್ಲಾ ಸೇರಿ ಹೊಡೆದವು, ಕೊನೆಯ ಗಾಬ್ಲಿನ್ ಮುಂದಿನ ರೌಂಡಿಗೆ ತನ್ನ ಹೆಸರನ್ನೇ ಹೇಳಿತು, ತನ್ನ ಚಾನ್ಸ್ ಆದ ಮೇಲೆ ಸರದಿಯನ್ನು ತಮ್ಮವರಲ್ಲೇ ದಾಟಿಸಿತು, ಹೀಗೆ ಮತ್ತೊಮ್ಮೆ ಎಲ್ಲಾ ಸೇರಿ ಹೊಡೆದವು. ಎರಡು ಮುಚ್ಚಳ ತಲೆಕೆಳಗಾದವು. ಅಧಿಕಾರವನ್ನು ಪೂರ್ತಿ ನಮ್ಮ ಕಡೆಯೇ ಇಟ್ಟುಕೊಂಡರೆ, ಅದು ಎದುರಿನವರ ಕೈಗೆ ಹೋಗುವಾಗಲೂ ಪೂರ್ತಿ ಹೋಗುತ್ತೆ. ಹಾಗಾಗಿ ನಡುನಡುವೆ ಒಂದೊಂದು ಸರದಿಯನ್ನು ಶತ್ರುವಿಗೆ ನಾವೇ ಕೊಟ್ಟು, ಕೊನೆಯ ಸರದಿ ನಮ್ಮವರಿಗೆ ಉಳಿಯುವ ಹಾಗೆ ನೋಡಿಕೊಳ್ಳಬೇಕು. ದಾಳ ಇಲ್ಲದೆ ಇಷ್ಟು ತಂತ್ರ ತುಂಬಿರುವ ನಿಯಮ ನಾನು ಬೇರೆ ಕಂಡಿಲ್ಲ. ಮತ್ತೆ, ಯಾವ ಕ್ಷಣದಲ್ಲಿ ಯಾರ ಹೆಸರು ಬರುತ್ತೋ ಗೊತ್ತಿಲ್ಲ. ಹಾಗಾಗಿ ಮೊಬೈಲ್ ಜೇಬಿನಲ್ಲೇ ಇರುತ್ತೆ.

ಇದರಲ್ಲೂ ತೊಂದರೆ ಇದೆ, ಗೆಳೆಯರು ಗೆಳೆಯರಿಗೇ ಕೊಡ್ತಾರೆ. ಒಬ್ಬರ ಹೆಸರು ಪ್ರತಿ ರೌಂಡಿನಲ್ಲೂ ಕೊನೆಗೇ ಬಂದರೆ ಅವರಿಗೆ ಗೊತ್ತಾಗುತ್ತೆ, ಬಾಯಿಬಿಟ್ಟು ಹೇಳಲ್ಲ. ಆದರೆ ಈ ಪದ್ಧತಿಯಲ್ಲಿ ಅದು ಎಲ್ಲರ ಕಣ್ಣಿಗೂ ಕಾಣುತ್ತೆ, ನನ್ನ ನೋಟ್ಸಿನಲ್ಲಿ ಬಚ್ಚಿಟ್ಟುಕೊಂಡಿರಲ್ಲ. ನಾವು ಒಂದು ಸಣ್ಣ ನಿಯಮ ಸೇರಿಸಿದ್ದೀವಿ: ಪ್ರತಿಯೊಬ್ಬರ ಮುಂದೆ ಒಂದು ನಾಣ್ಯ, ಆಡಿದ ಮೇಲೆ ಮಗುಚಿ ಇಡಬೇಕು. ಕಳೆದ ರೌಂಡಿನಲ್ಲಿ ಕೊನೆಗೆ ಬಂದ ಆಟಗಾರರು ಈ ರೌಂಡಿನಲ್ಲಿ ಕೊನೆಯವರಾಗುವಂತಿಲ್ಲ. ಅಷ್ಟೇ. ಮೊದಲ ರೌಂಡ್ ಯಾರಿಂದ ಅನ್ನೋದಕ್ಕೆ ಮಾತ್ರ ಇನ್ನೂ 20 ಮುಖದ ದಾಳ ಹಾಕ್ತೀವಿ.

ಹೋದ ತಿಂಗಳ ಕಾಳಗದಲ್ಲಿ, ಮೂರನೇ ರೌಂಡು, ಅವಳ ಚಾನ್ಸ್ ಮುಗಿದಿತ್ತು. ಇನ್ನೂ ಇಬ್ಬರು ನಮ್ಮವರು ಬಾಕಿ, ಇಬ್ಬರೂ ದಾಳ ಕೈಯಲ್ಲಿ ಹಿಡಿದು "ನನಗೆ, ನನಗೆ" ಅಂತ ಕೂತಿದ್ದಾರೆ. ಅವಳು ನಾಣ್ಯ ಮಗುಚಿ, ಉಳಿದಿದ್ದ ಒಂದೇ ಕಡಲೆಕಾಯಿ ಕಡೆ ಬೆರಳು ತೋರಿಸಿದಳು.

"ಗಾಬ್ಲಿನ್‌ಗೆ ಕೊಡ್ತೀನಿ. ಮೊದಲು ಅದೇನು ಹೇಳುತ್ತೋ ಕೇಳೋಣ."

"ಹುಚ್ಚಾ ನಿಂಗೆ!" ಅಂತ ಇಬ್ಬರೂ ಎದ್ದೇ ನಿಂತರು. ನಾನು ಕಡಲೆಕಾಯಿ ಕೈಗೆತ್ತಿಕೊಂಡು ಗಂಟಲು ಸರಿ ಮಾಡಿಕೊಂಡೆ.